ಮಟನ್ ಭಾಯಿಯ ಚೂರಿಗೆ ತೂತು

ಮದ್ದೂರಿನಲ್ಲಿ ನಮ್ಮ ಮನೆ ಮುಂದೆಯೇ ನನ್ನ ಡ್ರಿಲ್ಲಿಂಗ್ ಅಂಗಡಿ. ಮಚ್ಚು, ಚೂರಿ ತಂದವರೆಲ್ಲ "ಒಂದೇ ಒಂದು ತೂತು ಕಣಣ್ಣ" ಎನ್ನುತ್ತಲೇ ಒಳಗೆ ಬರುತ್ತಾರೆ. ಆ ಒಂದು ತೂತಿನಲ್ಲಿ ನನ್ನ ಮಾನ ಸೋರಿಹೋದದ್ದಕ್ಕೆ ಲೆಕ್ಕವೇ ಇಲ್ಲ. ಬಕ್ರೀದ್ ಹತ್ತಿರವಿದ್ದಾಗ ನಡೆದದ್ದಂತೂ ನೆನೆದರೆ ಈಗಲೂ ನಗು.

೧. ಗಟ್ಟಿ ಯಾವುದು?

ಮಳವಳ್ಳಿ ರಸ್ತೆಯ ಮಟನ್ ಅಂಗಡಿ ಭಾಯಿ ಹಿಡಿ ಒಡೆದ ಚೂರಿ ತಂದರು. ಹೊಸ ಹಿಡಿಗೆ ಬೇರೆ ಜಾಗದಲ್ಲಿ ತೂತು ಬೇಕಿತ್ತು.

"ನಾಡಿದ್ದು ಅಬ್ಬ ಕಣಣ್ಣ. ನಮ್ಮಪ್ಪ ತೀರೋದ್ಮೇಲೆ ಇದೇ ಮೊದಲ್ನೇದು. ಕುರ್ಬಾನಿ ಅವ್ರ ಚೂರೀಲೇ ಆಗ್ಬೇಕು."

ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕು, ಡ್ರಿಲ್ ಬಿಟ್ ಇಳಿಯಲೇ ಇಲ್ಲ. ಕಿರ್ರೆಂದಿತು, ಹೊಗೆಯೆದ್ದಿತು, ಬಿಟ್ಟಿನ ಮೂತಿ ಸುಟ್ಟು ನೀಲಿಯಾಯಿತು. ಚೂರಿಯ ಮೇಲೆ ಒಂದು ಚುಕ್ಕೆ, ಅಷ್ಟೇ. ಭಾಯಿ ಎರಡನ್ನೂ ತಿರುಗಿಸಿ ನೋಡಿದರು.

"ಉಲ್ಟಾ ಸಿಗಿಸ್ಬುಟ್ಟಿದ್ದೀರ. ಚೂರೀನ ಮಿಸಿನ್ನಿಗೆ ಹಾಕಿ, ನಿಮ್ ಬಿಟ್ಟಿಗೆ ತೂತು ಬೀಳ್ತದೆ!"

೨. ಎಣ್ಣೆ ಬುಡು

ಭಾಯಿ ಹೋದ ಮೇಲೆ ಹೊಸ ಬಿಟ್ ಹಾಕಿದೆ. ನಿಧಾನವಾಗಿ ಓಡಿಸಿ, ಎಣ್ಣೆ ಬಿಡುತ್ತಿದ್ದರೆ ಇಳಿದೀತು ಎಂಬ ಆಸೆ. ಭಾರತೀನಗರದ ಕಡೆಯ ರೈತರೊಬ್ಬರು ಮಚ್ಚು ಸಾಣೆ ಹಿಡಿಸಲು ಹೆಂಡತಿಯ ಜೊತೆ ಬಂದು ಕೂತಿದ್ದರು. ಎಣ್ಣೆ ಡಬ್ಬಿ ಅವರ ಪಕ್ಕದಲ್ಲೇ ಇತ್ತು. ನಾನು ತಲೆ ಎತ್ತದೆ ಕೂಗಿದೆ:

"ಎಣ್ಣೆ ಬುಡಪ್ಪ! ಸುಟ್ಟೋಯ್ತದೆ, ಬೇಗ ಎಣ್ಣೆ ಬುಡು!"

ಆತ ತಲೆ ತಗ್ಗಿಸಿ ಎದ್ದು ನಿಂತರು. "ಇವ್ಳು ನಿಮ್ಗೂ ಏಳ್ಬುಟ್ಟವ್ಳಾ ಅಣ್ಣ?"

ಡ್ರಿಲ್ ಬಿಟ್ ಸುಟ್ಟೇ ಹೋಯಿತು. ಆಕೆ ಮಾತ್ರ ನನಗೆ ಕೈಮುಗಿದರು. "ಇನ್ನೊಂದ್ಸಲ ಗಟ್ಟಿಯಾಗಿ ಬಯ್ಯಣ್ಣ. ನನ್ ಮಾತಂತೂ ಕೇಳಕ್ಕಿಲ್ಲ!"

೩. ಅವ್ವನ ಕಾವಲು

ಇನ್ನು ಉಕ್ಕನ್ನು ಮೆತ್ತಗೆ ಮಾಡದೆ ಗತಿಯಿರಲಿಲ್ಲ. ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ತಾನಾಗಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ; ಬಿಸಿಯಲ್ಲೇ ನೀರು ಸೋಕಿದರೆ ಮತ್ತೆ ಗಟ್ಟಿ. ಹಿಡಿಯ ಕಡೆ ಮಾತ್ರ ಕಾಯಿಸಲು ಹೋದೆ, ಇಡೀ ಚೂರಿಯೇ ಕೆಂಪಾಯಿತು. ಸರಿ ಎಂದು ಹಂಡೆ ಒಲೆಯ ಬೂದಿಯಲ್ಲಿ ಹೂತೆ. ಕಾಫಿ ಕುಡಿದು ಬರುವಷ್ಟರಲ್ಲಿ ಅವ್ವ ಚೊಂಬು ನೀರು ಸುರಿದಿದ್ದಳು.

"ಕೆಂಡ ಅಂಗೇ ಬುಟ್ಟೋಗಿದ್ದೆ, ಆರಿಸ್ದೆ ಕಣ್ಲಾ."

ಮತ್ತೆ ಕಾಯಿಸಿ ಹೂತೆ. "ಭಾಯಿ ಅಪ್ಪನ ಚೂರಿ ಕಣವ್ವ. ನೀರು ಬಿದ್ರೆ ಕೆಟ್ಟೋಯ್ತದೆ!" ಅವ್ವ ಕಾವಲು ಕೂತಳು. ಬೆಳಗ್ಗೆ ಯಾರಿಗೂ ಸ್ನಾನಕ್ಕೆ ನೀರು ಕಾಯಿಸಲು ಬಿಡಲಿಲ್ಲ. ಸಿಟ್ಟೂ ಬಂತು, ಮುದ್ದೂ ಬಂತು.

ಈ ಸಲ ತೂತು ಸಲೀಸಾಗಿ ಬಿತ್ತು. ಚೂರಿಗೆ ಮತ್ತೆ ಹದ ಕೊಡಬೇಕಲ್ಲ, ಚೂರಿ ಒಯ್ಯಲು ಬಂದ ಭಾಯಿಯ ಎದುರೇ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಅದ್ದಲು ತಿರುಗಿದೆ. ನೀರಿನ ಬಕೆಟ್ಟು ಅವ್ವನ ತೆಕ್ಕೆಯಲ್ಲಿತ್ತು!

"ನೀರು ಕೊಡವ್ವ, ಆರೋಯ್ತದೆ!"

"ಕೊಡಕ್ಕಿಲ್ಲ ಓಗ್ಲಾ! ನೆನ್ನೆ ಒಂದು ಏಳ್ತೀಯ, ಇವತ್ತೊಂದು ಏಳ್ತೀಯ!"

ಭಾಯಿ ಗಂಟಲು ಹಿಡಿದುಕೊಂಡರು. "ಅಮ್ಮಾ, ಬಾಯಾರ್ತದೆ, ಕುಡಿಯಕ್ಕೆ ಒಂದ್ ಲೋಟ ನೀರು..."

ಮನೆಗೆ ಬಂದವರಿಗೆ ಇಲ್ಲ ಎನ್ನುವುದುಂಟೆ? ಅವ್ವ ಬಕೆಟ್ಟು ಇಳಿಸಿ ಒಳಗೆ ಓಡಿದಳು. ನಾನು ಚೂರಿ ಅದ್ದಿದೆ, ಚುಂಯ್! ಲೋಟ ಹಿಡಿದು ಬಂದ ಅವ್ವ ಬೈದದ್ದನ್ನು ಬರೆಯುವಂತಿಲ್ಲ.

ಹಬ್ಬದ ದಿನ ಭಾಯಿ ಮಾಂಸದ ಪಾಲು ತಂದು ಅವ್ವನ ಕೈಗೇ ಕೊಟ್ಟರು. ಅವ್ವ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಂಗೆ ಕುಯ್ದದೆ ನೋಡ್ಲಾ! ನೀನು ನೀರಿಗಾಕಿ ಕೆಡಿಸಿದ್ರೂವೆ, ನಾನು ಕಾಯ್ದಿದ್ದು ಸುಮ್ಕೆ ಓಗ್ಲಿಲ್ಲ!"