ಸಿರಿಲ್ ಕೇಳಿದ ಎರಡನೇ ಮಗ್ಗುಲು

ಏಳು ಹೊಗೆಕೊಳವೆಗಳ ಆಚೆ, ಎಂಟು ಮಳೆಗಳ ಈಚೆ, ಡಡ್ಲಿ ಅನ್ನೋ ಊರಲ್ಲಿ ಸಿರಿಲ್ ಪಾರ್ಗೆಟರ್ ಅಂತ ಒಬ್ಬನಿದ್ದ. ಅವನಿಗೆ ಕಿವಿ ಎರಡು, ಅಭಿಪ್ರಾಯ ಇನ್ನೂರು. ಹೊಸ ರಾಕ್ ಆಲ್ಬಂ ಬಂತೆಂದರೆ ಕವರಿನ ಹಿಂದಿನ ಬರಹ ಓದಿಕೊಂಡು ಹೋಗಿ, ಪಬ್ಬಿನಲ್ಲಿ ಸೇರುವ ಭಾನುವಾರದ ಕೇಳುಗರ ಕೂಟಕ್ಕೆ ತನ್ನದೇ ಮಾತೆಂಬಂತೆ ಒಪ್ಪಿಸುತ್ತಿದ್ದ. ಕಳೆದ ವಾರ ಸಿಕ್ಕಿಬಿದ್ದ. ಕವರಿನಲ್ಲಿ ಗಾಯಕನ ಹೆಸರೇ ತಪ್ಪು ಅಚ್ಚಾಗಿತ್ತು. ಇವನು ಹಾಡದವನನ್ನು ಅರ್ಧ ಗಂಟೆ ಹೊಗಳಿದ್ದ.

ಕೂಟದ ಯಜಮಾನಿ ಈನಿಡ್ ಫಾಸೆಟ್ ಈ ಸಲ ಕವರನ್ನು ತಾನೇ ಇಟ್ಟುಕೊಂಡು ಬರೀ ರೆಕಾರ್ಡನ್ನು ಅವನ ಕೈಗಿತ್ತಳು. ಭಾನುವಾರ ಸಂಜೆಯೊಳಗೆ ಪೂರ್ತಿ ಕೇಳಿ ಸ್ವಂತ ಅಭಿಪ್ರಾಯ ಹೇಳಬೇಕು, ಇಲ್ಲವಾದರೆ ಕೂಟದಲ್ಲಿ ಅವನಿಗೆ ಕುರ್ಚಿಯಿಲ್ಲ. ಆ ಕುರ್ಚಿ ಬಿಟ್ಟರೆ ಅವನ ಮಾತು ನಡೆಯುವ ಜಾಗ ಇನ್ನೊಂದಿರಲಿಲ್ಲ. ಮನೆಯಲ್ಲಿ ಬಾಯಿ ತೆರೆದರೆ ಬೆಕ್ಕೂ ಎದ್ದು ಹೋಗುತ್ತಿತ್ತು.

ಭಾನುವಾರ ಮಧ್ಯಾಹ್ನ ಸಿರಿಲ್ ರೆಕಾರ್ಡು ಹಾಕಿ, ಹಲ್ಲು ಕೀಳಿಸಿಕೊಳ್ಳಲು ಕೂತವನಂತೆ ನೆಟ್ಟಗೆ ಕೂತ. ಮೊದಲ ಮಗ್ಗುಲು ಮುಗಿಯಿತು. ಎರಡನೆಯದರಲ್ಲಿ ಗಾಯಕ ಸುಸ್ತಾದ, ಗಿಟಾರೂ ಸುಮ್ಮನಾಯಿತು, ಟಕ್... ಉಸ್ಸ್... ಟಕ್ ಅನ್ನುವ ಸದ್ದೊಂದೇ ಉಳಿಯಿತು. ಸಿರಿಲ್ ಕಾದ. ಅರ್ಧ ಗಂಟೆಯಾದರೂ ಟಕ್ ನಿಲ್ಲಲಿಲ್ಲ. ನಡುವೆ ಏಳಲು ಭಯ.

ಪಕ್ಕದ ಮನೆಯ ಐವಿ ಟ್ರಾಂಟರ್ ಗೋಡೆ ಗುದ್ದಿ, ಸಾಲದೆ ಒಳಗೇ ಬಂದಳು. ಹಾಡು ಮುಗಿದಿಲ್ಲವೆಂದು ಇವನು ಸನ್ನೆ ಮಾಡಿದ. ಅವಳೂ ಹೆಣಿಗೆ ಹಿಡಿದು ಕೂತಳು.

"ಇದು ಪರವಾಗಿಲ್ಲ ಕಣೋ," ಅಂದಳು. "ಉಳಿದವರ ಥರ ಅರಚಾಟ ಇಲ್ಲ."

ಅವಳನ್ನು ಹುಡುಕಿಕೊಂಡು ಬಂದ ಗಂಡನೂ ಕಾಲಲ್ಲಿ ತಾಳ ಹಾಕುತ್ತ ಕೂತ. ಹೀಗೇ ಎರಡು ತಾಸು ಕಳೆದು ಪಬ್ಬಿನ ಬಾಗಿಲು ತೆರೆಯುವ ಹೊತ್ತಾದಾಗ ಸಿರಿಲ್ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿಟ್ಟು ಓಡಿದ.

"ಬೇರೆಯವೆಲ್ಲ ಸುಮಾರು," ಅಂದ ಕೂಟದ ಮುಂದೆ ನಿಂತು, ಏದುಸಿರಿನಲ್ಲಿ. "ಆ ಕೊನೇ ಹಾಡಿದೆಯಲ್ಲ, ಮಾತಿಲ್ಲ, ರಾಗವಿಲ್ಲ, ಬರೀ ಟಕ್ ಟಕ್. ಅಷ್ಟು ಧೈರ್ಯ ಇನ್ಯಾರೂ ಮಾಡಿಲ್ಲ."

ಕೂಟದವರ ಮೂಗಿನಿಂದ ಬಿಯರ್ ಬಂತು. ಹಾಡು ಮುಗಿದ ಮೇಲೆ ಮುಳ್ಳಿನ ಕೆಳಗೆ ರೆಕಾರ್ಡು ಸುಮ್ಮನೆ ಸುತ್ತುವ ಸದ್ದು ಅದು ಎಂದು ಕಣ್ಣೊರೆಸಿಕೊಂಡು ವಿವರಿಸಿದರು. ಸಿರಿಲನೂ ನಕ್ಕ.

"ನನ್ನ ಕಿವಿ ಇರೋದು ಕನ್ನಡಕ ನಿಲ್ಲಿಸೋಕೆ," ಅಂದು ಕೋಟು ಎತ್ತಿಕೊಂಡ.

ಹಾಡು ಎಷ್ಟೆಂದು ಎಣಿಸಿ ತೋರಿಸಲು ಈನಿಡ್ ಕವರು ತಿರುಗಿಸಿದವಳು ಹಾಗೇ ನಿಂತಳು. ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು: ಕೊನೆಯ ಸದ್ದೂ ಹಾಡೇ, ಬೇಕೆಂದೇ ಕೊರೆದದ್ದು, ಅದು ಮುಗಿಯುವುದಿಲ್ಲ. ಕೂಟದಲ್ಲಿ ಅದನ್ನು ಕೇಳಿದವನು ಸಿರಿಲ್ ಒಬ್ಬನೇ.

ಅವಳು ಅದನ್ನು ಗಟ್ಟಿಯಾಗಿ ಓದಿದ್ದೇ ಸಿರಿಲ್ ಕೋಟು ಇಳಿಸಿ ಕುರ್ಚಿಗೆ ಕೈಹಾಕಿದ.

"ಕೂರಬೇಡ," ಅಂದಳು ಈನಿಡ್. "ಮುಳ್ಳು ಎತ್ತಿದ್ದು ನೀನೇ ತಾನೇ? ಅಂದ್ರೆ ಪೂರ್ತಿ ಕೇಳಿಲ್ಲ."

ಈನಿಡ್ ಕೇಳಿದಂತೆ ಸಿರಿಲ್ ಜೀವನದಲ್ಲಿ ಮೊದಲ ಸಲ ಸ್ವಂತ ಅಭಿಪ್ರಾಯ ಹೇಳಿಯಾಗಿತ್ತು, ಅದು ಸರಿಯೂ ಆಗಿತ್ತು. ಕುರ್ಚಿಯಲ್ಲಿ ಈನಿಡ್‌ಳ ಕೈಚೀಲ ಕೂತಿತ್ತು.