ಲಾರಿಗೊಂದು ಮೂಗು

“ಬರೂ ರವಿವಾರ ನಮ್ಮ ಲಾರಿ ಮಿಶ್ರಿಕೋಟಿ ಏರು ಒಂದ ದಮ್ಮಿಗೆ ಹತ್ತಲಿಲ್ಲಂದ್ರ ನನ್ನ ಹೆಸರು ಏಕನಾಥ ಅಲ್ಲ!”

ಸಂಶಿಯ ಹೈಸ್ಕೂಲಿನ ವಿಜ್ಞಾನದ ಮಾಸ್ತರರಾದ ಏಕನಾಥರಾಯರು ಈ ಘೋರ ಪ್ರತಿಜ್ಞೆ ಮಾಡಿದ್ದು ರಣರಂಗದಲ್ಲಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ, ಚಹಾದ ಬಸಿ ಹಿಡಿದುಕೊಂಡು. ಒಳಗೆ ಅವಲಕ್ಕಿ ಹುರಿಯುತ್ತಿದ್ದ ಹೆಂಡತಿ ಮಥುರಾಬಾಯಿ ತಿರುಗಿಯೂ ನೋಡಲಿಲ್ಲ.

“ಹೆಸರೇನು ಬದಲಿ ಮಾಡೂದು ಬ್ಯಾಡ. ಹತ್ತಲಿಲ್ಲಂದ್ರ ಲಾರಿ ಹಜರತಅಲಿಗೆ ಕೊಟ್ಟುಬಿಡ್ರಿ.”

“ಆತು! ಹತ್ತಿತಂದ್ರ?”

“ಹತ್ತಿತಂದ್ರ ಆ ಲಾರಿ ಮಾರ್ರಿ ಅಂತ ಈ ಜನ್ಮದಾಗ ಅನ್ನೂದಿಲ್ಲ.”

ಹಜರತಅಲಿ ಹುಬ್ಬಳ್ಳಿಯ ಗುಜರಿ ವ್ಯಾಪಾರಿ. ಲಾರಿ ಕಂಡಾಗಲೆಲ್ಲ ಬಾನೆಟ್ಟಿನ ಮೇಲೆ ಬೆರಳಿನಿಂದ ಬಡಿದು, “ತಗಡು ಭಾಳ ದಪ್ಪ ಐತ್ರಿ ಮಾಸ್ತರ” ಎಂದು ಹೊಗಳಿ ಹೋಗುತ್ತಿದ್ದ. ಆ ಹೊಗಳಿಕೆ ಕೇಳಿದರೆ ಏಕನಾಥರು ಬಾನೆಟ್ಟಿಗೆ ಅಡ್ಡ ಬಂದು ನಿಲ್ಲುತ್ತಿದ್ದರು. ಅದು ಅವರ ತಂದೆ ಮಹಾಯುದ್ಧ ಮುಗಿದ ಮೇಲೆ ಬೆಳಗಾವಿಯಲ್ಲಿ ಮಿಲಿಟರಿ ಲಿಲಾವಿನಲ್ಲಿ ಕೊಂಡ ಲಾರಿ. ಅದರ ಮಡಗಾರ್ಡಿನ ಮೇಲೆ ಕೂತೇ ಏಕನಾಥರು ಮಗ್ಗಿ ಬಾಯಿಪಾಠ ಮಾಡಿದ್ದು. ಈಗ ಊರಿನ ಮೆಣಸಿನಕಾಯಿ, ಹತ್ತಿ ಹೊತ್ತು ಮುಪ್ಪಿನ ದಿನ ದೂಡುತ್ತಿತ್ತು. ಒಂದೇ ಖೋಡಿ. ಏರು ಕಂಡರೆ ಸಾಕು, ಅರ್ಧಕ್ಕೆ ಹೋಗುವಷ್ಟರಲ್ಲಿ ರೇಡಿಯೇಟರಿನ ನೀರು ಕೊತಕೊತ ಕುದಿಯುತ್ತಿತ್ತು. ಲಾರಿ ನಿಲ್ಲಿಸಬೇಕು, ಆರಲು ಬಿಡಬೇಕು, ನೀರು ಹುಡುಕಬೇಕು. ಹೋದ ವರ್ಷ ಮಿಶ್ರಿಕೋಟಿಯ ಒಂದು ಮದುವೆಗೆ ಹೊರಟವರು ತಲುಪಿದಾಗ ಅಕ್ಷತೆ ಬಿದ್ದು, ಊಟವಾಗಿ, ಎಲೆ ಎತ್ತಿ, ಮದುಮಕ್ಕಳು ನಿದ್ದೆ ಹೊಡೆಯುತ್ತಿದ್ದರು!

ಈಗ ಅದೇ ಮಿಶ್ರಿಕೋಟಿಯಲ್ಲಿ ಮಥುರಾಬಾಯಿಯ ಅಕ್ಕ ಹೀರಾಬಾಯಿಯ ಮಗಳು ವತ್ಸಲಾಳ ಕುಬಸ. ಚೊಚ್ಚಲ ಬಸುರಿಯ ಸಂಭ್ರಮ. ಮಥುರಾಬಾಯಿ ಸೇರಿ ಓಣಿಯ ಎಂಟು ಜನ ಹೆಣ್ಣುಮಕ್ಕಳು ಹೊರಟಿದ್ದರು.

ಏಕನಾಥರಿಗೆ ಜ್ಞಾನೋದಯವಾದದ್ದು ಬುಧವಾರ, ಒಂಬತ್ತನೆಯ ಇಯತ್ತೆಯಲ್ಲಿ ಪಾಠ ಮಾಡುವಾಗ. “ಬಿಸಿ ಗಾಳಿ ತೆಳುವು, ತಂಪು ಗಾಳಿ ದಟ್ಟ” ಎಂದು ಹಲಗೆಯ ಮೇಲೆ ಬರೆದವರೇ ಸೀಮೆಸುಣ್ಣ ಕೈಯಲ್ಲೇ ಹಿಡಿದು ಕಲ್ಲಾದರು. ಸಂಜೆ ಡ್ರೈವರ್ ಗೂಳಪ್ಪನನ್ನು ಕರೆಸಿದರು. ಆತ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಮಾತು ಕಡಿಮೆಯ ಮನುಷ್ಯ.

“ಗೂಳಪ್ಪ, ತಲಿತುಂಬ ಕಂಬಳಿ ಹೊತಗೊಂಡು ಏರು ಓಡು ಅಂದ್ರ ಓಡ್ತೀಯೇನು?”

“ಇಲ್ರಿ.”

“ನಮ್ಮ ಎಂಜಿನ್ನಿನ ಹಣೆಬರಾನೂ ಅದ! ಬಾನೆಟ್ಟಿನ ಕೆಳಗ ತನ್ನ ಬಿಸಿ ಗಾಳಿ ತಾನ ಕುಡದು ಉಸಿರುಗಟ್ಟಲಿಕ್ಕೆ ಹತ್ತದ. ಹೊರಗಿನ ತಂಪು ಗಾಳಿ ಎಳಕೊಳ್ಳಲಿಕ್ಕೆ ಅದಕ್ಕೊಂದು ಮೂಗು ಮಾಡೂಣು!”

“ಹೌದ್ರಿ” ಎಂದ ಗೂಳಪ್ಪ.

ಮೂಗಿಗೆ ಒಂದು ಕೊಳವೆ ಬೇಕು. ಏಕನಾಥರು ಎಂಜಿನ್ನು ಗಾಳಿ ಎಳೆಯುವ ಕಾರ್ಬೊರೇಟರಿನ ಬಾಯಿಯನ್ನು ದಾರದಿಂದ ಅಳೆದುಕೊಂಡು ಸಂಶಿಯ ಓಣಿ ಓಣಿ ಸುತ್ತಿದರು. ಅಷ್ಟೇ ಅಳತೆಯ ಕೊಳವೆ ಇಡೀ ಊರಿನಲ್ಲಿ ಒಂದೇ ಒಂದು ಸಿಕ್ಕಿತು: ತಮ್ಮ ಮನೆಯ ಬಚ್ಚಲಿನಲ್ಲಿ! ಸ್ನಾನದ ನೀರು ಕಾಯಿಸುವ ತಾಮ್ರದ ಬಂಬಿನ ಹೊಗೆಕೊಳವೆ. ಗುರುವಾರ ಬೆಳಿಗ್ಗೆ ಮಥುರಾಬಾಯಿ ಹೂವು ತರಲು ಹಿತ್ತಲಿಗೆ ಹೋದ ಸಮಯ ನೋಡಿ ಅದನ್ನು ಕಿತ್ತು ಕಂಕುಳಲ್ಲಿ ಇರುಕಿಕೊಂಡು ಹೊರಬಿದ್ದರು.

ಪಾಪ, ಮಥುರಾಬಾಯಿಗೇನು ಗೊತ್ತು? ಬಂಬಿಗೆ ಕುಳ್ಳು ಹಾಕಿ ಉರಿ ಹಚ್ಚಿದರು. ಕೊಳವೆಯಿಲ್ಲದ ಬಂಬು ಬಚ್ಚಲು ತುಂಬ ಹೊಗೆ ಕಾರಿತು. ಗವಾಕ್ಷಿಯಿಂದ ಹೊಗೆ ನುಗ್ಗುವುದನ್ನು ಕಂಡ ಬಾಜು ಮನೆಯ ಸಾವಿತ್ರೆವ್ವ, “ಬೆಂಕಿ! ಬೆಂಕಿ ಬಿತ್ತವ್ವೋ!” ಎಂದು ಓಣಿ ಒಂದು ಮಾಡಿ, ತುಂಬಿದ ಕೊಡ ಎತ್ತಿ ಗವಾಕ್ಷಿಯಿಂದ ಒಳಗೆ ಸುರುವಿಯೇ ಬಿಟ್ಟಳು. ಬೆಂಕಿಗೆ ಒಂದು ಹನಿಯೂ ಬೀಳಲಿಲ್ಲ. ಅಷ್ಟೂ ನೀರು ಮಥುರಾಬಾಯಿಯ ನೆತ್ತಿಗೆ!

ಮುಖಕ್ಕೆ ಮಸಿ, ಮೈಗೆ ನೀರು, ಕಣ್ಣಿಗೆ ಕೆಂಡ. ಹೀಗೆ ಹೊರಬಂದ ಹೆಂಡತಿಯನ್ನು ಕಂಡು ಅಂಗಳದಲ್ಲಿದ್ದ ಏಕನಾಥರು ಕೊಳವೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಮೂರು ಅಡಿ ಉದ್ದದ ಕೊಳವೆ! ತಲೆಯ ಮೇಲೆ ಒಂದು ಅಡಿ ಕಾಣುತ್ತಿತ್ತು.

“ಏನ್ರೀ ಅದು?”

“ಅದು… ವಿಜ್ಞಾನಕ್ಕ ಸ್ವಲ್ಪ…”

“ವಿಜ್ಞಾನ ಆಮ್ಯಾಲೆ. ಮೊದಲ ಸ್ನಾನ! ಇಡ್ರಿ ಅದನ್ನ ಇದ್ದಲ್ಲೆ!”

ಕೊಳವೆ ಬಂಬಿಗೆ ಮರಳಿತು. ಮಾಸ್ತರರು ಎದೆಗುಂದಲಿಲ್ಲ. ಚಿಮಣಿ, ಲಾಳಿಕೆ ಮಾಡುವ ತಗಡಿನ ಕೆಲಸದ ದಾವೂದಸಾಬನ ಅಂಗಡಿಗೆ ನಡೆದರು. ಖಾಲಿ ಎಣ್ಣೆಡಬ್ಬಿಗಳನ್ನು ಕತ್ತರಿಸಿ, ಸುತ್ತಿ, ಬೆಸೆದು, ಆತ ಎರಡು ದಿನದಲ್ಲಿ ನಾಲ್ಕು ಅಡಿಯ ಕೊಳವೆ ತಯಾರಿಸಿದ. ಒಂದು ತುದಿ ಮುಷ್ಟಿಯಷ್ಟು ಸಣ್ಣದು. ಇನ್ನೊಂದು ತುದಿ ಹಿಟ್ಟು ಕಲಸುವ ಪರಾತದಷ್ಟು ಅಗಲ.

“ಇಷ್ಟ ದೊಡ್ಡ ಲಾಳಿಕ್ಯಾಗ ಯಾವ ಎಣ್ಣಿ ಹಾಕ್ತೀರಿ ಮಾಸ್ತರ?”

“ಎಣ್ಣಿ ಅಲ್ಲ ದಾವೂದಸಾಬ, ಗಾಳಿ!”

ದಾವೂದಸಾಬ ಬೆಸುಗೆಯ ಕಾದ ಸಲಾಕೆ ಕೆಳಗಿಟ್ಟ. “ಗಾಳಿಗೆ ಲಾಳಿಕಿ ಯಾಕ್ರಿ? ಅದು ತಾನ ಹೋಗ್ತೈತಲ್ಲ!”

ಹೊಸದನ್ನು ಕಂಡುಹಿಡಿದವರನ್ನು ಜಗತ್ತು ಎಂದೂ ಅರ್ಥ ಮಾಡಿಕೊಂಡಿಲ್ಲ ಎಂದು ಏಕನಾಥರು ಮನಸ್ಸಿನಲ್ಲೇ ಅಂದುಕೊಂಡರು. ಶನಿವಾರ ಮಧ್ಯಾಹ್ನ ಗೂಳಪ್ಪ ಬಾನೆಟ್ಟಿನ ಬದಿಗೆ ರಂಧ್ರ ಕೊರೆದು ಮೂಗು ಕೂಡಿಸಿದ. ಧೂಳು ಹೋಗಬಾರದೆಂದು ಅದರ ಅಗಲ ಬಾಯಿಗೆ ಏಕನಾಥರು ಮನೆಯ ಹಾಲು ಸೋಸುವ ಅರಿವೆ ಕಟ್ಟಿದರು. ಎಂಜಿನ್ ಶುರು ಮಾಡಿದಾಗ ಮೂಗು, ಊಟವಾದ ಮೇಲೆ ಒರಗಿದ ಹಿರಿಯರಂತೆ, ಹಿತವಾಗಿ ಗೊರಕೆ ಹೊಡೆಯಿತು.

ರವಿವಾರ ಬೆಳಿಗ್ಗೆ ಲಾರಿಯ ಹಿಂದೆ ಜಮಖಾನೆ ಹಾಸಿ ಹೆಣ್ಣುಮಕ್ಕಳೆಲ್ಲ ಕೂತರು. ಮಥುರಾಬಾಯಿಯ ತೊಡೆಯ ಮೇಲೆ ಒಂದು ತಾಟು. ಅದರಲ್ಲಿ ವತ್ಸಲಾಳ ಜಡೆಗೆ ಮುಡಿಸಲು ಮಲ್ಲಿಗೆ, ಅಬ್ಬಲಿಗೆ ಸೇರಿಸಿ ತಾವೇ ಕೂತು ಹೆಣೆದ ಹೂವಿನ ದಂಡಿ. ಏಕನಾಥರು ಗೂಳಪ್ಪನ ಬಾಜು ಕೂತು, ದಂಡಯಾತ್ರೆ ಹೊರಟ ಸೇನಾಪತಿಯಂತೆ, “ನಡಿ!” ಎಂದರು.

ಕುಂದಗೋಳ ದಾಟಿತು, ಹುಬ್ಬಳ್ಳಿ ದಾಟಿತು. ಮುಂದೆ ಒಂದು ಕಡೆ ಮೂಗಿಗೆ ಕಟ್ಟಿದ ಅರಿವೆ ಬಿಚ್ಚಿಕೊಂಡು ಕೊಕ್ಕರೆಯಂತೆ ಹಾರಿಹೋಯಿತು.

“ಹೋಗ್ಲಿ ಬಿಡು! ಗಾಳಿ ಇನ್ನಷ್ಟು ಬರ್ತದ” ಎಂದರು ಮಾಸ್ತರರು.

ಮಿಶ್ರಿಕೋಟಿಯ ಏರು ಬಂತು. ಗೂಳಪ್ಪ ಗೇರು ಬದಲಿಸಿ ಎಕ್ಸಲರೇಟರ್ ಒತ್ತಿದ. ಅಡ್ಡಿಯಿಲ್ಲದ ಆ ತಗಡಿನ ಬಾಯಿಂದ ಹೊರಟಿತು ನೋಡಿ ಒಂದು ನಾದ:

“ಭ್ವಾಂ…ಂ…ಂ!”

“ಕೇಳು ಗೂಳಪ್ಪ! ಉಸಿರಾಡ್ಲಿಕ್ಕೆ ಹತ್ತದ!” ಏಕನಾಥರ ಕಣ್ಣು ತುಂಬಿ ಬಂತು.

ಏರಿನ ಕೆಳಗಿನ ಕೆರೆಯಲ್ಲಿ ದನಗಾಹಿ ಮಾಳಪ್ಪನ ಮೂವತ್ತು ಎಮ್ಮೆಗಳು ಮೂಗಿನ ತನಕ ಮುಳುಗಿ ಹಾಯಾಗಿದ್ದವು. ಆ ನಾದ ಕಿವಿಗೆ ಬಿದ್ದದ್ದೇ ತಡ, ಒಂದು ತಲೆ ಎತ್ತಿತು. ಇನ್ನೊಂದು ಕಿವಿ ನಿಮಿರಿಸಿತು. ಇಂಥ ಗಂಭೀರವಾದ, ಇಂಥ ತುಂಬುಕಂಠದ ಕೋಣನ ಕರೆಯನ್ನು ಅವು ಹುಟ್ಟಿದಂದಿನಿಂದ ಕೇಳಿರಲಿಲ್ಲ! ಮೂವತ್ತೂ ಒಟ್ಟಿಗೆ ಓಗೊಟ್ಟು, ನೀರು ಸುರಿಸುತ್ತ, ಬಾಲ ಎತ್ತಿಕೊಂಡು ರಸ್ತೆಗೆ ನುಗ್ಗಿದವು.

“ಮಾಸ್ತರ, ಎಮ್ಮಿ ಬರಾಕತ್ತಾವ್ರಿ.”

“ಬರ್ಲಿ ಬಿಡು, ರಸ್ತಾ ಎಲ್ಲಾರದು.”

“ನಮ್ಮ ಬೆನ್ನ ಹತ್ತ್ಯಾವ್ರಿ!”

“ಹಂಗಾರ ಜೋರು ಬಿಡು!”

ಜೋರು ಬಿಟ್ಟರೆ ಮೂಗು ಇನ್ನೂ ಜೋರಾಗಿ ಕರೆಯಿತು. ಕರೆ ಜೋರಾದಷ್ಟೂ ಎಮ್ಮೆಗಳ ಪ್ರೀತಿ ಉಕ್ಕಿತು. ಸಾವಕಾಶ ಮಾಡು ಎಂದರೆ ಲಾರಿ ಹಿಂದಕ್ಕೆ ಜರುಗಿ ಎಮ್ಮೆಗಳ ನಡುವೆಯೇ ಹೋಗುವಂತಾಯಿತು. ಎಂಜಿನ್ ಬಂದ್ ಮಾಡು ಎಂದರೆ, “ಏರಿನ್ಯಾಗ ಇಳದು ಮತ್ತ ಶುರು ಮಾಡಾಕ ಹ್ಯಾಂಡಲ್ ಯಾರ್ ಹೊಡಿಯವ್ರು? ಎಮ್ಮಿ ಬಿಟ್ಟಾವೇನ್ರಿ?” ಎಂದ ಗೂಳಪ್ಪ. ತಿಂಗಳಲ್ಲಿ ಆತ ಆಡಿದ ಅತಿ ಉದ್ದದ ಮಾತು ಅದು! ಎಲ್ಲದರ ಹಿಂದೆ ಮಾಳಪ್ಪ, ರುಮಾಲು ಕೈಯಲ್ಲಿ ಹಿಡಿದು, “ಏ ಲಾರೀ! ನನ್ನ ಎಮ್ಮಿ ಎಲ್ಲಿಗೆ ಒಯ್ಯಾಕತ್ತೀಯಲೇ!” ಎಂದು ಕೂಗುತ್ತ ಓಡಿ ಬರುತ್ತಿದ್ದ.

ಎಲ್ಲಕ್ಕಿಂತ ಮುಂದಿದ್ದ ಎಮ್ಮೆ ಹಿಂಬಾಗಿಲ ಮೇಲಿಂದ ಕತ್ತು ಒಳಗೆ ಚಾಚಿತು. ಎಂಟೂ ಜನ ಕಿಟಾರನೆ ಕಿರುಚಿ ಮುಂದಕ್ಕೆ ಸರಿದರು. ಆ ಗದ್ದಲದಲ್ಲಿ ತಾಟು ಉರುಳಿತು. ಎಮ್ಮೆ ದಂಡಿಯನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಮೆಲ್ಲತೊಡಗಿತು. ಮಥುರಾಬಾಯಿ ಕ್ಯಾಬಿನ್ನಿನ ಹಿಂದಿನ ಗಾಜು ಬಡಿದು, “ಏನ್ರೀ! ದಂಡಿ ತಿಂತು! ಎಮ್ಮಿ ದಂಡಿ ತಿಂತು!” ಎಂದು ಚೀರಿದರು. ಭ್ವಾಂಕಾರದಲ್ಲಿ ಏಕನಾಥರಿಗೆ ಅಕ್ಷರವೂ ಕೇಳಲಿಲ್ಲ. ಹೆಂಡತಿ ತಮ್ಮನ್ನು ಅಭಿನಂದಿಸುತ್ತಿದ್ದಾಳೆಂದು ತಿಳಿದು ಹಿಂತಿರುಗಿ ನಗುತ್ತ ಕೈ ಬೀಸಿದರು!

ಹೀರಾಬಾಯಿಯ ಮನೆಯ ಮುಂದೆ ಆರತಿ ಹಿಡಿದು ನಿಂತವರು ಕಂಡದ್ದು: ಗರ್ಜಿಸುವ ಒಂದು ಲಾರಿ, ಅದರಲ್ಲಿ ಎಂಟು ಜನ ಹೆಣ್ಣುಮಕ್ಕಳು, ಹಿಂದೆ ಮೂವತ್ತು ಎಮ್ಮೆ. ಲಾರಿ ನಿಂತು ನಾದ ಅಡಗಿದರೂ ಎಮ್ಮೆಗಳು ಕದಲಲಿಲ್ಲ. ಬಾನೆಟ್ಟನ್ನು ಸುತ್ತುವರಿದು ನಿಂತವು. ಒಂದಂತೂ ತಗಡಿನ ಮೂಗನ್ನು ಮಮತೆಯಿಂದ ನೆಕ್ಕತೊಡಗಿತು. ಅದನ್ನು ಕಂಡು ತುಂಬು ಬಸುರಿ ವತ್ಸಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಏ, ಸಾವಕಾಶ ನಗವಾ!” ಎಂದು ಹೀರಾಬಾಯಿ ಗಾಬರಿಯಾದರು.

ಅಕ್ಕಪಕ್ಕದ ಹಿತ್ತಲುಗಳಿಂದ ಹೂವು ಬಂದವು. ಎಂಟೂ ಜನ ಕೂತು ಹೊಸ ದಂಡಿ ಹೆಣೆದರು. ಏದುಸಿರು ಬಿಡುತ್ತ ಜಗಳಕ್ಕೆ ಬಂದ ಮಾಳಪ್ಪನನ್ನು ಮಥುರಾಬಾಯಿಯೇ ಸಮಾಧಾನ ಮಾಡಿ ಪಡಸಾಲೆಯ ಪಂಕ್ತಿಗೆ ಕೂಡಿಸಿದರು. ಹೋಳಿಗೆ ಬಿದ್ದ ಮೇಲೆ ಏಕನಾಥರಿಗೆ ದನಿ ಮರಳಿತು.

“ಎಮ್ಮಿ ವಿಚಾರ ಬ್ಯಾರೆ. ಆದ್ರ ಏರು ಹತ್ತಿತೋ ಇಲ್ಲೋ? ಒಂದ ದಮ್ಮಿಗೆ! ಒಂದು ಹನಿ ನೀರು ಹಾಕದ! ಇದು ತಂಪು ಗಾಳಿಯ ಪ್ರತಾಪ!”

ಮಥುರಾಬಾಯಿ ಆಡಿದ ಮಾತಿಗೆ ತಪ್ಪುವವರಲ್ಲ. “ಹತ್ತಿತು. ಲಾರಿ ಉಳೀತು. ನಾ ಇಲ್ಲ ಅನ್ನೂದಿಲ್ಲ” ಎಂದು ಗೂಳಪ್ಪನ ಎಲೆಗೆ ತುಪ್ಪ ಹಾಕುತ್ತ ಕೇಳಿದರು: “ಗೂಳಪ್ಪ, ನೀನಾರ ಖರೆ ಹೇಳು. ಆ ಲಾಳಿಕಿಯಿಂದನ ಹತ್ತಿತೇನು?”

ಗೂಳಪ್ಪ ಬಾಯಲ್ಲಿದ್ದ ತುತ್ತು ನುಂಗಿದ. “ನಿನ್ನೆ ಬಾನೆಟ್ ತಗದಾಗ ನೋಡಿದ್ನಿರಿ ಬಾಯಾರ. ಫ್ಯಾನಿನ ಪಟ್ಟಾ ಅಗದಿ ಸಡ್ಲಾಗಿತ್ತು. ಫ್ಯಾನ ತಿರಗದ ನೀರು ಕುದೀತಿತ್ರಿ. ಪಾನಾ ಹಚ್ಚಿ ಬಿಗದೆ. ಅಷ್ಟ.”

ಪಂಕ್ತಿಯಲ್ಲಿ ಕೂತವರೆಲ್ಲ ಮಾಸ್ತರರ ಕಡೆ ತಿರುಗಿದರು.

“ಹೇಳಬಾರದಿತ್ತೇನೋ!” ಏಕನಾಥರ ದನಿ ಕ್ಷೀಣವಾಗಿತ್ತು.

“ನೀವು ವಿಜ್ಞಾನ ಹೇಳಾಕತ್ತಿದ್ರಿ. ನಡುವ ಹೆಂಗ ಬಾಯಿ ಹಾಕೂದ್ರಿ?”

ಊಟ ಮುಗಿಸಿ ಹೊರಗೆ ಬಂದರೆ ಎಮ್ಮೆಗಳು ಇನ್ನೂ ಅಲ್ಲೇ. ಮಾಳಪ್ಪ ಬೈದ, ಬಾಲ ತಿರುವಿದ, ಬೆನ್ನಿಗೆ ಬಡಿದ. ಒಂದೂ ಮಿಸುಕಲಿಲ್ಲ. ಕೊನೆಗೆ ಕೈಮುಗಿದು ನಿಂತ.

“ಮಾಸ್ತರ, ಅದನ್ನ ಬಿಟ್ಟು ಇವು ಮನಿಗೆ ಬರಾಂಗಿಲ್ರಿ. ಅದೊಂದು ನನಗ ಕೊಟ್ಟುಬಿಡ್ರಿ.”

ಏಕನಾಥರು ಪಾನಾ ತೆಗೆದುಕೊಂಡು ತಮ್ಮ ಕೈಯಾರೆ ಮೂಗು ಬಿಚ್ಚಿ ಮಾಳಪ್ಪನ ಹೆಗಲಿಗೆ ಹೊರಿಸಿದರು. ಮಾಳಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಸಣ್ಣ ತುದಿಯನ್ನು ಧೋತರದ ಚುಂಗಿನಿಂದ ಒರೆಸಿದ. ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿದ.

“ಭ್ವಾಂ…ಂ…ಂ!”

ಮೂವತ್ತೂ ತಲೆಗಳು ಒಮ್ಮೆಲೇ ತಿರುಗಿದವು. ಮಾಳಪ್ಪ ಊದುತ್ತ ಮುಂದೆ, ಎಮ್ಮೆಗಳು ಸಾಲಾಗಿ ಹಿಂದೆ. ಏರು ಇಳಿದು ಕೆರೆಯ ಕಡೆಗೆ ನಡೆದೇಬಿಟ್ಟವು. ಏಕನಾಥರು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತರು.

ಬಾಜುವಿಗೆ ಬಂದು ನಿಂತ ಮಥುರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು:

“ನೋಡಿದ್ರೇನು? ಎಂಜಿನ್ನಿಗೆ ಮೂಗು ಬೇಕಾಗಿದ್ದಿಲ್ಲ, ಮೂಗಿಗೆ ಎಂಜಿನ್ನೂ ಬೇಕಾಗಿದ್ದಿಲ್ಲ!”