ಕೋವಿ ಠಾಣೆಗೆ, ಬೀರು ತಾಯಂದಿರಿಗೆ

ಮತದಾನ ಗುಪ್ತವಾಗಿರಬೇಕು ಎಂದು ವರ್ಷಗಟ್ಟಲೆ ಪಾಠ ಹೇಳಿಕೊಂಡು ಬಂದವನು ನಾನು. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಆದರೆ ಸಂಸಾರಸ್ಥರ ಪಾಲಿಗೆ ಈ ಗುಪ್ತ ಮತದಾನ ಪಠ್ಯಪುಸ್ತಕದಲ್ಲಿ ಮಾತ್ರ ಸಿಗುವ ಸವಲತ್ತು. ಬೂತಿನಿಂದ ಹೊರಗೆ ಬಂದು ಬೆರಳಿನ ಶಾಯಿ ಆರುವ ಮೊದಲೇ ನನ್ನ ಹೆಂಡತಿ ಗಿರಿಜೆ ಒಂದು ಸಲ ನನ್ನ ಮುಖ ನೋಡಿ, “ಯಾವುದಕ್ಕೆ ಒತ್ತಿದ್ರಿ ಅಂತ ಗೊತ್ತಾಯ್ತು ಬಿಡಿ” ಎಂದುಬಿಡುತ್ತಾಳೆ. ನನ್ನದು ಅಂಥ ಮುಖ. ಹಾಗಾಗಿ ನಿಮ್ಮ ಮುಂದೆ ಮುಚ್ಚಿಡುವುದೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ: ನನ್ನ ಹತ್ತಿರ ಒಂದು ಕೋವಿ ಇದೆ, ಮತ್ತು ನನಗೆ ಅದನ್ನು ಕಂಡರೆ ಭಯ.

ಗಾಬರಿಯಾಗಬೇಡಿ. ಲೈಸೆನ್ಸ್ ಇರುವ ಕೋವಿ. ನನ್ನ ತಾತನದು. ನಂಜನಗೂಡಿನ ಆಚೆ ನಮಗೊಂದಿಷ್ಟು ಹೊಲವಿತ್ತು, ಹೊಲಕ್ಕೆ ಕಾಡುಹಂದಿಗಳ ಕಾಟವಿತ್ತು, ಹಂದಿಗಳಿಗೆ ತಾತನ ಕಾಟವಿತ್ತು. ಆಮೇಲೆ ಮನೆ ಪಾಲಾಯಿತು. ಚಿಕ್ಕಪ್ಪಂದಿರಿಗೆ ಹೊಲ ಬಂತು, ನಮ್ಮಪ್ಪನಿಗೆ ಕೋವಿ ಬಂತು. ಹೊಲವಿಲ್ಲದ ಮೇಲೆ ಕೋವಿ ಏಕೆ ಎಂದು ಅಪ್ಪ ಯೋಚಿಸಲಿಲ್ಲ. ಅಪ್ಪನ ನಂತರ ನಾನೂ ಯೋಚಿಸದೆ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಚಾಮರಾಜಪುರದ ನಮ್ಮ ರಸ್ತೆಯಲ್ಲಿ ಯಾರನ್ನು ಕೇಳಿದರೂ ನಮ್ಮದನ್ನು “ಕೋವಿ ಮನೆ” ಎಂದೇ ತೋರಿಸುತ್ತಾರೆ. ಗ್ಯಾಸಿನವನು, ಕೊರಿಯರಿನವನು, ಹೊಸ ಹಾಲಿನವನು, ಎಲ್ಲರಿಗೂ ಅದೇ ಗುರುತು. ನಡುಮನೆಯಲ್ಲಿ ತಾತನ ಫೋಟೋ ಇದೆ: ತೊಡೆಯ ಮೇಲೆ ಅಡ್ಡಲಾಗಿ ಕೋವಿ, ತುಟಿಯ ಮೇಲೆ ಅಡ್ಡಲಾಗಿ ಮೀಸೆ. ನನಗೆ ಮೀಸೆ ಸರಿಯಾಗಿ ಬರಲಿಲ್ಲ. ಬಾಯಿ ಬಿಟ್ಟರೆ ಸಂವಿಧಾನ ಬರುತ್ತದೆ, ಅದನ್ನು ಕೇಳುವವರಿಲ್ಲ. ಇಡೀ ಬೀದಿಯಲ್ಲಿ ನನಗೆ ಇದ್ದ ಗೌರವವೆಲ್ಲ ಆ ಕೋವಿಯದೇ.

ನಾನು ಅದನ್ನು ಒಮ್ಮೆಯೂ ಹಾರಿಸಿದವನಲ್ಲ. ಆಯುಧಪೂಜೆಯ ದಿನ ಎಣ್ಣೆಬಟ್ಟೆಯಲ್ಲಿ ಒರೆಸಿ, ಮೂರು ಗೆರೆ ವಿಭೂತಿ ಎಳೆದು, ಚೆಂಡುಹೂ ಮುಡಿಸಿ ಕೈಮುಗಿಯುತ್ತೇನೆ. ನಮ್ಮಿಬ್ಬರ ಸಂಬಂಧ ಅಷ್ಟೇ. ಒಮ್ಮೆ ಅಡುಗೆಮನೆಗೆ ಹೆಗ್ಗಣ ನುಗ್ಗಿತ್ತು. ಗಿರಿಜೆ ಸ್ಟೂಲಿನ ಮೇಲೆ ನಿಂತು, “ತನ್ನಿ ನಿಮ್ಮ ತಾತನ ಕೋವೀನ! ಇವತ್ತಾದ್ರೂ ಅದರಿಂದ ಏನಾದ್ರೂ ಉಪಯೋಗ ಆಗ್ಲಿ” ಎಂದು ಕೂಗಿದಳು. ನಾನು ಗಂಭೀರವಾಗಿ ಚಪ್ಪಲಿ ಮೆಟ್ಟಿಕೊಂಡು ಹೋಗಿ ಅಂಗಡಿಯಿಂದ ಬೋನು ತಂದೆ. ಅಷ್ಟರಲ್ಲಿ ಅವಳು ಪೊರಕೆಯಲ್ಲಿ ಹೆಗ್ಗಣವನ್ನು ಬೀದಿಗೆ ಅಟ್ಟಿ, ಬಾಗಿಲು ಹಾಕಿ, ಕಾಫಿ ಕುಡಿಯುತ್ತಿದ್ದಳು. ಬೋನು ಈಗಲೂ ಅಟ್ಟದ ಮೇಲಿದೆ.

ಇರಲಿ, ವಿಷಯ ಹೆಗ್ಗಣದ್ದಲ್ಲ, ಬೀರುವಿನದು. ಕೋವಿಯನ್ನು ಬೀಗ ಹಾಕಿದ ಜಾಗದಲ್ಲೇ ಇಡಬೇಕು. ನಮ್ಮ ಮನೆಯಲ್ಲಿ ಭದ್ರವಾದ ಬೀಗವಿರುವುದು ಮಲಗುವ ಕೋಣೆಯ ಕಬ್ಬಿಣದ ಬೀರುವಿಗೆ ಮಾತ್ರ. ಅದರ ಒಂದು ಪಕ್ಕದಲ್ಲಿ ಅರೆಗಳಿವೆ, ಅಲ್ಲಿ ನಮ್ಮಿಬ್ಬರ ಬಟ್ಟೆಗಳು ಒಂದರ ಮೇಲೊಂದು ಉಸಿರು ಕಟ್ಟಿ ಮಲಗಿವೆ. ಇನ್ನೊಂದು ಪಕ್ಕ ಮೇಲಿನಿಂದ ಕೆಳಗಿನವರೆಗೆ ಖಾಲಿ, ಮೇಲೊಂದು ಸರಳು. ತಯಾರಿಸಿದವರು ಸೀರೆ ನೇತುಹಾಕಲೆಂದೇ ಮಾಡಿದ್ದು. ಆ ಅರಮನೆಯಲ್ಲಿ ತಾತನ ಕೋವಿ ಒಂಟಿಯಾಗಿ ಒರಗಿ ನಿಂತಿದೆ. ಗಿರಿಜೆಯ ರೇಷ್ಮೆ ಸೀರೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿವೆ. ಮದುವೆಯಾಗಿ ಬಂದ ದಿನದಿಂದ ಇದೊಂದು ವಿಚಾರದಲ್ಲಿ ಅವಳು ಪ್ರತಿಪಕ್ಷ. “ಆ ಕೋವಿಗೆ ನೆಟ್ಟಗೆ ನಿಲ್ಲಕ್ಕೆ ಜಾಗ ಇದೆ, ನನ್ನ ಧಾರೆ ಸೀರೆ ಮಡಿಕೇಲೇ ಸೀಳ್ತಾ ಇದೆ ಕಣ್ರೀ” ಎನ್ನುತ್ತಾಳೆ. ಸೀರೆ ನಿಜಕ್ಕೂ ಸೀಳುತ್ತಿತ್ತು.

ಇಂಥ ಮನೆಗೆ ಚುನಾವಣೆ ಎಂದರೆ ಹಬ್ಬ. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸ್ ಇರುವವರೆಲ್ಲ ತಮ್ಮ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಫಲಿತಾಂಶ ಬಂದು ಎಲ್ಲ ಮುಗಿದ ಮೇಲೆ ವಾಪಸು ತರಬೇಕು. ನಾನು ಕೋವಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ನೆಟ್ಟಗೆ ಹಿಡಿದು, ಬೀದಿಯವರೆಲ್ಲ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ಖಚಿತಪಡಿಸಿಕೊಂಡು ಹೊರಡುತ್ತೇನೆ. ಆಟೋ ತಿರುವು ದಾಟುವ ಮೊದಲೇ ಒಳಗೆ ಹ್ಯಾಂಗರುಗಳ ಸದ್ದು ಶುರುವಾಗಿರುತ್ತದೆ. ವಾಪಸು ಬರುವಷ್ಟರಲ್ಲಿ ಬೀರುವಿನ ತುಂಬ ಸೀರೆಗಳು, ಕೋಣೆಯ ತುಂಬ ನುಸಿಗುಳಿಗೆಯ ವಾಸನೆ, ಗಿರಿಜೆಯ ಮುಖದ ತುಂಬ ಬೆಳಕು. ಟಿವಿಯಲ್ಲಿ ಸರ್ಕಾರ ಅಲ್ಲಾಡುತ್ತಿದೆ ಎಂದು ಸುದ್ದಿ ಬಂದರೆ, “ಬೀಳುತ್ತೇನ್ರೀ?” ಎಂದು ಆಸೆಯಿಂದ ಕೇಳುತ್ತಾಳೆ. ಎಲ್ಲ ಚುನಾವಣೆಗಳನ್ನೂ ಒಟ್ಟಿಗೆ ನಡೆಸುವ ಮಾತು ಬಂದಾಗ ನಾನು ಅದರ ಸಾಧಕಬಾಧಕಗಳನ್ನು ವಿವರಿಸಲು ಕುಳಿತೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: “ಅಂದ್ರೆ ಐದು ವರ್ಷಕ್ಕೆ ಒಂದೇ ಸಲ ಸೀರೆ ನೇತಾಕ್ಬೇಕಾ? ಆಗಲ್ಲ ಅಂತ ಹೇಳಿ ಅವ್ರಿಗೆ.”

ಈ ಸಲ ಬಂದದ್ದು ನಗರಪಾಲಿಕೆ ಚುನಾವಣೆ. ಕೋವಿ ಠಾಣೆಗೆ ಹೋಗಿತ್ತು, ಸೀರೆಗಳು ಸಿಂಹಾಸನ ಏರಿದ್ದವು. ಒಂದು ಬೆಳಿಗ್ಗೆ ನಮ್ಮ ವಾರ್ಡಿನ ಪಕ್ಷೇತರ ಅಭ್ಯರ್ಥಿ ಲೋಕೇಶ ಮತ ಕೇಳಲು ಬಂದ. ಶಾಮಿಯಾನ ಅಂಗಡಿ ಇಟ್ಟುಕೊಂಡಿರುವವನು, ಗುರುತು ಇಸ್ತ್ರಿಪೆಟ್ಟಿಗೆ. ಬಂದವನೇ ನನ್ನ ಕಾಲು ಮುಟ್ಟಿದ, ತಾತನ ಫೋಟೋಗೆ ಕೈಮುಗಿದ, ಚರಂಡಿ, ಬೀದಿದೀಪ, ಕಸದ ಗಾಡಿ ಎಂದು ಬಾಯಿಪಾಠ ಒಪ್ಪಿಸತೊಡಗಿದ.

ಗಿರಿಜೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. “ಅದೆಲ್ಲ ಸರಿ ಕಣಪ್ಪ. ಕೋವಿ ವಿಚಾರದಲ್ಲಿ ನಿನ್ನ ನಿಲುವೇನು?”

ಲೋಕೇಶನ ಜೊತೆ ಬಂದವರು ಒಂದು ಹೆಜ್ಜೆ ಹಿಂದೆ ಸರಿದರು. ಅವನು ಫೋಟೋ ನೋಡಿದ, ನನ್ನನ್ನು ನೋಡಿದ. ನಾನು ಎದೆ ಸ್ವಲ್ಪ ಮುಂದೆ ಮಾಡಿ ನಿಂತಿದ್ದೆ. “ಕೋವಿ ಅಂದ್ರೆ ಮನೆತನದ ಮರ್ಯಾದೆ ಅಕ್ಕ! ನಾನು ಗೆದ್ಬುಟ್ರೆ ಲೈಸೆನ್ಸು ಸಲೀಸು ಮಾಡುಸ್ತೀನಿ. ಯೋಗ್ಯಸ್ಥರು ಎಲ್ರ ಮನೇಲೂ ಒಂದೊಂದು ಇರ್ಬೇಕು” ಎಂದ.

ಗಿರಿಜೆಯ ಮುಖ ನೋಡಿ ಅವನಿಗೆ ಎಲ್ಲೋ ತಪ್ಪಿತೆಂದು ಹೊಳೆಯಿತು. “ಆದ್ರೆ ಅಕ್ಕ, ಮನೆ ಒಳಗೆ ಆಯುಧ ಇಟ್ಕೊಳೋದು ಒಳ್ಳೇದಲ್ಲ. ವಾಪಸ್ ತಗೋಬೇಕು ಸರ್ಕಾರ” ಎಂದ. ಈಗ ನನ್ನ ಮುಖ ನೋಡಿದ. ಪಾಪ, ಆ ಮನೆಯಲ್ಲಿ ಎರಡು ಮತಗಳು ಎರಡು ಕಡೆ ಎಳೆಯುತ್ತಿದ್ದವು. ಶಾಮಿಯಾನದವನಿಗೆ ಹೆಣ್ಣಿನ ಕಡೆಯವರನ್ನೂ ಗಂಡಿನ ಕಡೆಯವರನ್ನೂ ಒಂದೇ ಚಪ್ಪರದಡಿ ಸಂಭಾಳಿಸಿ ಅಭ್ಯಾಸವಿತ್ತು. ಒಂದು ನಿಮಿಷ ಯೋಚಿಸಿ ಹೇಳಿದ: “ಕೋವಿ ಮೇಷ್ಟ್ರುದೇ. ಲೈಸೆನ್ಸೂ ಮೇಷ್ಟ್ರುದೇ. ಆದ್ರೆ ಅದು ಚುನಾವಣೆ ಇರ್ಲಿ ಬುಡ್ಲಿ, ಯಾವಾಗ್ಲೂ ಠಾಣೇಲೇ ಇರ್ತದೆ. ಹಬ್ಬ ಹರಿದಿನ ಹೋಗಿ ನೋಡ್ಕಂಡು ಬರೋದು. ಬೀರು ಅಕ್ಕಂದು!”

“ಇದು ಕಣ್ರೀ ನಿಲುವು ಅಂದ್ರೆ!” ಎಂದು ಗಿರಿಜೆ ಚಪ್ಪಾಳೆ ತಟ್ಟಿದಳು.

ನಾನು ಮೇಷ್ಟ್ರು, ಸುಮ್ಮನಿರಲಾಗಲಿಲ್ಲ. “ನೋಡಪ್ಪ, ಶಸ್ತ್ರಾಸ್ತ್ರ ಕಾನೂನು ಸಂಸತ್ತಿನಲ್ಲಿ ಆಗೋದು. ನೀನು ನಿಂತಿರೋದು ವಾರ್ಡಿಗೆ. ಹೆಂಗೆ ತಿದ್ದುಪಡಿ ಮಾಡ್ತೀಯ?” ಎಂದೆ. “ಮೇಷ್ಟ್ರೇ, ಮನಸ್ಸಿದ್ರೆ ಎಲ್ಲಾ ಆಯ್ತದೆ” ಎಂದು ಅವನು ಉತ್ತರಿಸಿದ. ಗಿರಿಜೆ ಅವನಿಗೂ ಅವನ ಜೊತೆಗಾರರಿಗೂ ಕಾಫಿ ಕೊಟ್ಟಳು. ನನ್ನ ಪಾಲಿನದು ಅವರಿಗೇ ಹೋಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮರುದಿನ ಆಟೋ ಮೈಕಿನಲ್ಲಿ ಕೂಗುತ್ತ ಬಂತು: “ಕೋವಿ ಠಾಣೆಗೆ, ಬೀರು ತಾಯಂದಿರಿಗೆ! ನಿಮ್ಮ ಗುರುತು ಇಸ್ತ್ರಿಪೆಟ್ಟಿಗೆ!” ನಮ್ಮ ವಾರ್ಡಿನಲ್ಲಿ ಎಷ್ಟು ಕೋವಿಗಳಿವೆಯೋ ಗೊತ್ತಿಲ್ಲ, ಬೀರು ಮಾತ್ರ ಪ್ರತಿ ಮನೆಯಲ್ಲೂ ಇದೆ. ಅದರೊಳಗೆ ಗಂಡನದೊಂದು ಕೆಲಸಕ್ಕೆ ಬಾರದ ವಸ್ತು ಇದ್ದೇ ಇದೆ. ಹೆಂಗಸರಿಗೆ ಆ ಘೋಷಣೆ ನೇರವಾಗಿ ಮನಸ್ಸಿಗೆ ತಟ್ಟಿತು. ಒಬ್ಬರ ಮನೆಯಿಂದ ಹಳೇ ಕ್ರಿಕೆಟ್ ಪ್ಯಾಡುಗಳು ಹೊರಬಂದವು, ಇನ್ನೊಬ್ಬರ ಮನೆಯಿಂದ ಕೆಟ್ಟುಹೋದ ರೇಡಿಯೋಗಳ ಸಂಸಾರವೇ ಬಂತು. ಪಕ್ಕದ ಮನೆಯ ಅಂತೋಣಿಯವರು ಚರ್ಚಿನ ಹಬ್ಬಗಳಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದವರು. ಉಬ್ಬಸ ಬಂದ ಮೇಲೆ ಅದು ಬೀರುವಿನಲ್ಲಿ ಮಲಗಿತ್ತು. ಒಂದು ಸಂಜೆ ಅದನ್ನು ಮಗುವಿನ ಹಾಗೆ ತೋಳಿನಲ್ಲಿ ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ನಿಂತರು.

“ನೋಡಿ ಸಾರ್, ನಿಮ್ಮ ಕೋವಿಯಿಂದ ನನ್ನ ವಾದ್ಯ ಬೀದಿಗೆ ಬಂದ್ಬುಡ್ತು. ಇಸ್ತ್ರಿಪೆಟ್ಟಿಗೆ ಗೆದ್ರೆ ನನ್ನ ಗತಿಯೇನು?”

“ಗೆಲ್ಲಲ್ಲ ಬಿಡಿ ಅಂತೋಣಿಯವರೇ, ಜನ ಅಷ್ಟು ದಡ್ಡರಲ್ಲ” ಎಂದು ಧೈರ್ಯ ಹೇಳಿದೆ.

ಇಸ್ತ್ರಿಪೆಟ್ಟಿಗೆ ಗೆದ್ದಿತು. ಪಟಾಕಿ ನಮ್ಮ ಮನೆ ಮುಂದೆಯೇ ಹೊಡೆದರು. ಲೋಕೇಶ ಬಂದು ಗಿರಿಜೆಗೆ ಹಾರ ಹಾಕಿ, “ಅಕ್ಕನೇ ನನ್ನ ಪ್ರಣಾಳಿಕೆ” ಎಂದ. ಅವಳು ಧಾರೆ ಸೀರೆ ಉಟ್ಟಿದ್ದಳು. ಸೀಳುತ್ತಿದ್ದ ಮಡಿಕೆಯನ್ನು ತುಂಬ ನಾಜೂಕಾಗಿ ಹೊಲಿದು, ಎಷ್ಟೋ ವರ್ಷಗಳ ನಂತರ ಉಟ್ಟಿದ್ದು. ಅಷ್ಟು ಚೆಂದ ಕಾಣುತ್ತಿದ್ದಳು. ನನಗೆ ನಿಜಕ್ಕೂ ಸಂತೋಷವಾಯಿತು. ಸಂತೋಷದ ಹಿಂದೆಯೇ ಸಂಕಟವೂ ಬಂತು: ಚುನಾವಣೆ ಮುಗಿಯಿತು, ಕೋವಿ ವಾಪಸು ತರಬೇಕು.

ಠಾಣೆಗೆ ಹೋದರೆ ಬೆಂಚಿನ ಮೇಲೆ ಒಬ್ಬ ತಲೆ ತಗ್ಗಿಸಿ ಕೂತಿದ್ದಾನೆ, ತೊಡೆಯ ಮೇಲೆ ಜಮಖಾನದಲ್ಲಿ ಸುತ್ತಿದ ಉದ್ದನೆಯ ವಸ್ತು. ಲೋಕೇಶ! ನನ್ನನ್ನು ನೋಡಿ ಎದ್ದು ನಿಂತ.

“ಏನಪ್ಪ, ನಿನ್ನ ಹತ್ರಾನೂ ಇದೆಯಾ?”

“ನಮ್ಮಪ್ಪಂದು ಮೇಷ್ಟ್ರೇ. ನಮ್ಮನೇಗೂ ಕೋವಿ ಮನೆ ಅಂತಾನೇ ಹೆಸ್ರು.”

“ಮತ್ತೆ ಠಾಣೇಲೇ ಯಾವಾಗ್ಲೂ ಇರುತ್ತೆ ಅಂದೆಯಲ್ಲ?”

“ಕೇಳ್ದೆ ಮೇಷ್ಟ್ರೇ. ಸಾಹೇಬ್ರು ನಗಾಡ್ಬುಟ್ರು. ಕಾನೂನು ನಿಮ್ ವಾರ್ಡಲ್ಲಿ ಮಾಡಲ್ಲ, ಎತ್ಕಂಡು ನಡೀರಿ ಅಂದ್ರು.” ಅವನು ದನಿ ತಗ್ಗಿಸಿದ. “ಎತ್ಕಂಡು ಎಲ್ಲಿಗೆ ಹೋಗ್ಲಿ? ನಮ್ಮನೆಯವ್ಳು ನನ್ ಭಾಷಣ ಕೇಳ್ಬುಟ್ಟು ಬೀರು ತುಂಬಾ ಸೀರೆ ತುಂಬ್ಬುಟ್ಟವ್ಳೆ. ನೀನು ಹೇಳಿದ್ದು ನೀನೇ ಮಾಡ್ದೆ ಇದ್ರೆ ಊರ್ಗೆಲ್ಲ ಹೇಳ್ತೀನಿ ಅಂತವ್ಳೆ.”

ರಾಜ್ಯಶಾಸ್ತ್ರ ಓದಿದ್ದಕ್ಕೆ ಜೀವನದಲ್ಲಿ ಮೊದಲ ಸಲ ಅರ್ಥ ಬಂತು. ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯವರು ಬಾಡಿಗೆಗೆ ಕೋವಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ ಎಂದು ಶಸ್ತ್ರಾಸ್ತ್ರ ಕಾನೂನು ಓದಿದ ನನಗೆ ಗೊತ್ತಿತ್ತು. ಗಿರಿಜೆಗೆ ಹೇಳದೆ ಇದ್ದೆ, ಅಷ್ಟೆ. ಇಬ್ಬರೂ ಒಂದೇ ಆಟೋದಲ್ಲಿ, ಬೆಡ್‌ಶೀಟು ಜಮಖಾನಗಳ ಸಮೇತ ಹೋದೆವು. ಅಂಗಡಿಯಲ್ಲಿ ತಾತನ ಕೋವಿಯನ್ನೂ ಲೋಕೇಶನ ಅಪ್ಪನ ಕೋವಿಯನ್ನೂ ಅಕ್ಕಪಕ್ಕ ನಿಲ್ಲಿಸಿದರು. ಕೈ ಬಿಡುವಾಗ ತಾತ ನನ್ನನ್ನು ಕ್ಷಮಿಸಲಿ ಎಂದುಕೊಂಡೆ. ಲೋಕೇಶ ಕಣ್ಣೊರೆಸಿಕೊಂಡು, “ಜೊತೆಗಾದ್ರೂ ಅವ್ರೆ ಬುಡಿ” ಎಂದ.

ಬರಿಗೈಯಲ್ಲಿ ಮನೆಗೆ ಬಂದರೆ ಬೀರು ತೆರೆದಿತ್ತು. ಸೀರೆಗಳನ್ನೆಲ್ಲ ಒಂದು ಬದಿಗೆ ಒತ್ತಿ, ಇನ್ನೊಂದು ಬದಿಯಲ್ಲಿ ಕೋವಿ ನಿಲ್ಲುವಷ್ಟು ಜಾಗ ಬಿಟ್ಟಿದ್ದಳು ಗಿರಿಜೆ. ಕೆಳಗೆ ಹೊಸ ಎಣ್ಣೆಬಟ್ಟೆ ಬೇರೆ ಮಡಿಸಿ ಇಟ್ಟಿದ್ದಳು.

“ಕೋವಿ ಹೋದಾಗಿಂದ ಬೀರು ಮುಂದೆ ನಿಂತು ಉಸ್ಸಪ್ಪಾ ಅಂತಿದ್ರಿ. ನೋಡಕ್ಕಾಗ್ತಿರ್ಲಿಲ್ಲ ಕಣ್ರೀ. ಇರ್ಲಿ ಅದೂ ಒಂದು ಕಡೆ. ಎಲ್ಲಿ, ತನ್ನಿ.”

“ಅಂಗಡೀಲಿ ಬಿಟ್ಟು ಬಂದೆ ಕಣೇ. ಇನ್ನು ಅದು ಅಲ್ಲೇ.”

ಅವಳು ನನ್ನನ್ನೇ ನೋಡುತ್ತ ಮಂಚದ ಮೇಲೆ ಕುಳಿತಳು. ಆಮೇಲೆ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. “ನನಗೋಸ್ಕರ ಬಿಟ್ರಾ?” ಎಂದಳು. “ನಿನಗೋಸ್ಕರಾನೇ” ಎಂದೆ. ಅದು ಪೂರ್ತಿ ನಿಜವಲ್ಲ. ಕೋವಿ ಮನೆಯಲ್ಲಿಲ್ಲದ ದಿನಗಳಲ್ಲಿ ಮಲಗುವ ಮುನ್ನ ಬೀಗ ಜಗ್ಗಿ ನೋಡುವ ಕೆಲಸವಿಲ್ಲದೆ ನಾನು ಸೊಗಸಾಗಿ ನಿದ್ದೆ ಮಾಡಿದ್ದೆ. ಅವಳು ಕೇಳಿದ ಉಸ್ಸಪ್ಪಾ ಆ ನೆಮ್ಮದಿಯದು.

ಗಿರಿಜೆ ಥಟ್ಟನೆ ನಗು ನಿಲ್ಲಿಸಿದಳು. “ಅಂದ್ರೆ ನೀವೂ ಇಸ್ತ್ರಿಪೆಟ್ಟಿಗೆಗೇ ಒತ್ತಿದ್ರಾ?”

“ಮತದಾನ ಗುಪ್ತ ಕಣೇ” ಎಂದೆ. ಈ ಸಲ ಬೂತಿನಿಂದ ಬಂದಾಗ ಅವಳಿಗೆ ಮುಖ ಕೊಡದೆ ತಪ್ಪಿಸಿಕೊಂಡಿದ್ದೆ.

ಅವಳು ನನ್ನ ಮುಖ ನೋಡಿದಳು. “ಗೊತ್ತಾಯ್ತು ಬಿಡಿ” ಎಂದಳು.

ಈಗ ನಮ್ಮದನ್ನು ಬೀದಿಯಲ್ಲಿ “ಬೀರು ಮನೆ” ಎನ್ನುತ್ತಾರೆ. ಅಂತೋಣಿಯವರ ಸ್ಯಾಕ್ಸೋಫೋನ್ ಅವರ ನಡುಮನೆಯ ಗೋಡೆಯ ಮೇಲೆ ಅಲಂಕಾರವಾಗಿ ನೇತಾಡುತ್ತ ಮೊದಲಿಗಿಂತ ಹೆಚ್ಚು ಗೌರವ ಗಳಿಸಿದೆ. ಕೋವಿಗೆಂದು ಬಿಟ್ಟ ಜಾಗವನ್ನು ಗಿರಿಜೆ ಧಾರಾಳವಾಗಿ ನನಗೇ ಕೊಟ್ಟಳು. ನನ್ನ ಅಂಗಿಗಳು ಅಲ್ಲಿ ಗೌರಿಹಬ್ಬದವರೆಗೆ ರಾಜರ ಹಾಗೆ ನೇತಾಡಿದವು. ಹಬ್ಬಕ್ಕೆ ತವರಿನಿಂದ ಹೊಸ ಸೀರೆ ಬಂತು, ಅದರ ಹಿಂದೆ ಇನ್ನೊಂದು ಬಂತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಂಗಿಗಳು ಬಾಗಿಲ ಹಿಂದಿನ ಮೊಳೆಯ ಮೇಲಿದ್ದವು. ಕೋವಿಗಾದರೂ ಆ ಜಾಗದಲ್ಲಿ ನಿಲ್ಲಲು ಲೈಸೆನ್ಸ್ ಇತ್ತು.